ತಮ್ಮನ ಹೆಸರಿನಲ್ಲಿ ಆಡಿದವನು

ಸುದ್ದಿ ಬಂದದ್ದು ಶುಕ್ರವಾರ. ನಾನು ಕಾಂದಿದಾಳ ಅಂಗಡಿಯಲ್ಲಿ ಉಪ್ಪುಮೀನು ಕೊಳ್ಳಲು ನಿಂತಿದ್ದೆ. ನನ್ನ ಮುಂದೆ ನೊರ್ಬೆರ್ತೊ ನಿಂತಿದ್ದ; ಅವನಿಗೂ ಅದೇ ಬೇಕಿತ್ತು. ಕಾಂದಿದಾ ಮೀನನ್ನು ತಕ್ಕಡಿಗೆ ಹಾಕುತ್ತಿದ್ದಳು. ಹೊರಗೆ ಮಾವಿನ ಮರದ ಕೆಳಗೆ ನಾಲ್ವರು ಡೊಮಿನೊ ಬಿಲ್ಲೆಗಳನ್ನು ಹಲಗೆಯ ಮೇಲೆ ಕುಟ್ಟುತ್ತಿದ್ದರು. ರೇಡಿಯೊದಲ್ಲಿ ಹಾಡು ನಡುವೆಯೇ ನಿಂತು ಒಬ್ಬ ಮಾತಾಡತೊಡಗಿದ. ನಮ್ಮ ನಾಡಿನ ಹೆಮ್ಮೆಯ ಬೇಸ್‌ಬಾಲ್ ಎಸೆತಗಾರ ನೊರ್ಬೆರ್ತೊ ಕೊರ್ಸಿನೊ ಮೆಕ್ಸಿಕೊ ದೇಶದಲ್ಲಿ, ತಂಡದ ಬಸ್ಸಿನಲ್ಲಿ ಕುಳಿತಲ್ಲೇ, ಹೃದಯ ನಿಂತು ತೀರಿಕೊಂಡರು, ವಯಸ್ಸು ಮೂವತ್ತೇಳು, ಎಂದ.

ಬಿಲ್ಲೆಗಳ ಸದ್ದು ನಿಂತಿತು. ಎಲ್ಲರೂ ನೊರ್ಬೆರ್ತೊನ ಮುಖ ನೋಡಿದರು.

ಆಡುತ್ತಿದ್ದವರಲ್ಲಿ ಚಾಗೊ ಎಂಬ ಬಣ್ಣ ಬಳಿಯುವವನಿದ್ದ. ಅವನ ಬಾಯಿ ಸುಮ್ಮನಿರದು. "ಲೋ ನೊರ್ಬೆರ್ತೊ, ನೀನು ಸತ್ತೋದೆಯಂತಲ್ಲೋ. ಮೀನು ಯಾರಿಗೆ ತಗೋತಾ ಇದ್ದೀಯ?" ಎಂದ. ಒಬ್ಬ ನಕ್ಕೂಬಿಟ್ಟ. ನೊರ್ಬೆರ್ತೊ ಇಲ್ಲಿ ನಿಂತಿದ್ದಾನೆ ಎಂದಮೇಲೆ ಸತ್ತವನು ಯಾರು ಎಂಬುದು ಅವರಿಗೆ ಆಮೇಲೆ ಹೊಳೆಯಿತು. ಚಾಗೊ ಮೆಲ್ಲಗೆ ಟೋಪಿ ತೆಗೆದ.

ನೊರ್ಬೆರ್ತೊ ಮೀನನ್ನು ತಕ್ಕಡಿಯಲ್ಲೇ ಬಿಟ್ಟ. "ಅವ್ವಂಗೆ ಯಾರೂ ಹೇಳ್ಬೇಡಿ. ನಾನೇ ಹೋಗ್ತೀನಿ" ಎಂದು ಹೊರಟ. ನಾನು ಅವನ ಹಿಂದೆಯೇ ನಡೆದೆ. ಕಬ್ಬಿನ ಬಂಡಿಗಳ ಹಳಿಯನ್ನು ದಾಟಿದ ಮೇಲೆ, "ದೊಡ್ಡಮ್ಮ, ರೇಡಿಯೊದವನು ಅಣ್ಣನ ಹೆಸರು ಹೇಳಲೇ ಇಲ್ಲ" ಎಂದ.

ಹೇಗೆ ಹೇಳಿಯಾನು? ಆ ಹೆಸರು ಅವನಿಗೆ ಗೊತ್ತಿದ್ದರೆ ತಾನೆ. ನಮ್ಮ ಸಕ್ಕರೆ ಗಿರಣಿಯ ಕೇರಿಯನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸತ್ತವನು ಎಲಾದಿಯೊ, ನೊರ್ಬೆರ್ತೊನ ಅಣ್ಣ. ನನ್ನ ಜ್ಞಾನಪುತ್ರ. ಅವನ ವಯಸ್ಸು ನಲವತ್ತು.

ಎಲಾದಿಯೊನನ್ನು ಜ್ಞಾನಸ್ನಾನದ ತೊಟ್ಟಿಯ ಮುಂದೆ ಎತ್ತಿ ಹಿಡಿದವಳು ನಾನು. ನಮ್ಮಲ್ಲಿ ಮಗು ಹುಟ್ಟಿದರೆ ಪಂಚಾಂಗ ತೆಗೆದು ಅಂದಿನ ಸಂತನ ಹೆಸರಿಡುತ್ತಾರೆ. ಆ ಸಂತ ಮಗುವಿನ ಬೆನ್ನಿಗೆ ಕಡೆಯವರೆಗೂ ನಿಲ್ಲುತ್ತಾನೆ. ಅವನು ಫೆಬ್ರವರಿಯಲ್ಲಿ ಸಂತ ಎಲಾದಿಯೊನ ದಿನ ಹುಟ್ಟಿದ. ಗುರುಗಳು "ಮಗುವಿನ ಹೆಸರೇನು?" ಎಂದು ಕೇಳಿದಾಗ ಉತ್ತರ ಕೊಟ್ಟದ್ದು ನನ್ನ ಬಾಯಿ. ಅಂದಿನಿಂದ ಅವನ ತಾಯಿ ಎರ್ಸಿಲಿಯಾ ನನಗೆ ಕೊಮಾದ್ರೆಯಾದಳು. ಕೊಮಾದ್ರೆ ಎಂದರೆ ಒಡಹುಟ್ಟಿದವಳಿಗಿಂತ ಒಂದು ತೂಕ ಹೆಚ್ಚು. ಮೂರು ವರ್ಷದ ಮೇಲೆ ಜೂನ್ ತಿಂಗಳಲ್ಲಿ ಎರಡನೆಯವನು ಹುಟ್ಟಿದ. ಅಂದು ಸಂತ ನೊರ್ಬೆರ್ತೊನ ದಿನ.

ಅಣ್ಣ ಎಸೆಯುವನು, ತಮ್ಮ ಹಿಡಿಯುವನು, ಹಾಗೆಯೇ ಬೆಳೆದರು. ಮೊದಲು ಕಾಲುಚೀಲ ಸುತ್ತಿ ಹೊಲಿದ ಚೆಂಡು, ಆಮೇಲೆ ಹಸಿ ನಿಂಬೆ, ಆಮೇಲೆ ಯಾರೋ ಬಿಸಾಕಿದ ನಿಜವಾದ ಚೆಂಡು. ನೊರ್ಬೆರ್ತೊಗೆ ಕೈಗವಸು ಇರಲಿಲ್ಲ. ಹಾಲಿನ ರಟ್ಟಿನ ಡಬ್ಬಿಯನ್ನು ಮಡಿಸಿ ಅದರಲ್ಲೇ ಹಿಡಿಯುತ್ತಿದ್ದ. ಎಲಾದಿಯೊನ ಚೆಂಡಿಗೆ ಒಂದು ಗುಣವಿತ್ತು. ಹೊಡೆಯುವವನ ಹತ್ತಿರ ನೇರವಾಗಿ ಬಂದು, ಕಡೆಯ ಗಳಿಗೆಯಲ್ಲಿ ನೆಲದಲ್ಲಿ ಏನನ್ನೋ ಹುಡುಕುವ ಹಾಗೆ ಇಳಿಯುತ್ತಿತ್ತು. ಹೊಡೆಯುವವರು ಗಾಳಿಯನ್ನು ಬಡಿಯುತ್ತಿದ್ದರು. ಅದು ಎಲ್ಲಿ ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದವನು ನೊರ್ಬೆರ್ತೊ ಒಬ್ಬನೇ.

ತೆಯೊಫಿಲೊ ಬಂದದ್ದು ಆಗ. ಕೇರಿಕೇರಿ ಸುತ್ತಿ ಆಡುವ ಹುಡುಗರನ್ನು ಆರಿಸಿ, ಪಳಗಿಸಿ, ಅಮೆರಿಕದ ತಂಡಗಳವರಿಗೆ ತೋರಿಸಿ ತನ್ನ ಪಾಲು ತೆಗೆದುಕೊಳ್ಳುವುದು ಅವನ ಕಸುಬು. ಅಂಥವರನ್ನು ನಾವು ಬುಸ್ಕೋನ್ ಎನ್ನುತ್ತೇವೆ. ಎರ್ಸಿಲಿಯಾಳ ಅಂಗಳದಲ್ಲಿ ಕುಳಿತು ಅವಳ ಕಾಫಿ ಕುಡಿಯುತ್ತ ಅವನು ಆಡಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ.

"ಹತ್ತೊಂಬತ್ತು ಅಂದ್ರೆ ನಿನ್ನೆ ಬ್ರೆಡ್ಡು, ದೋನ್ಯಾ ಎರ್ಸಿಲಿಯಾ. ಹದಿನಾರು ಅಂದ್ರೆ ಈಗ ಒಲೆಯಿಂದ ತೆಗೆದಿದ್ದು. ಹಿಟ್ಟು ಅದೇ, ಉಪ್ಪು ಅದೇ. ಆದ್ರೆ ಆಚೆಯವರು ನಿನ್ನೇದನ್ನ ಮುಟ್ಟಲ್ಲ. ಚಿಕ್ಕವನ ಹೆಸರಲ್ಲಿ ದೊಡ್ಡವನನ್ನ ಕಳಿಸೋಣ. ಎರಡು ವರ್ಷ ಅಷ್ಟೇ. ಆಮೇಲೆ ಯಾರು ಕೇಳ್ತಾರೆ?"

"ಬ್ರೆಡ್ಡಿಗೆ ಯಾರೂ ಜ್ಞಾನಸ್ನಾನ ಮಾಡಿಸಲ್ಲ ತೆಯೊಫಿಲೊ" ಎಂದೆ.

"ನಿಮ್ಮ ಜಪಸರ ನೀವು ನೋಡ್ಕೊಳ್ಳಿ ದೋನ್ಯಾ ಹಸಿಂತಾ. ಚೆಂಡಿನ ವಿಷಯ ನನಗೆ ಬಿಡಿ" ಎಂದ.

ಎರ್ಸಿಲಿಯಾಳ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಗೆ ಹಲಗೆಯ ಗೋಡೆ, ತೂತು ಬಿದ್ದ ತಗಡು. ಅವಳು ಒಪ್ಪಿಕೊಂಡಳು. ಅವಳನ್ನು ನಾನು ದೂರುವುದಿಲ್ಲ. ಹಸಿದವರ ಅಂಗಳದಲ್ಲಿ ಕುಳಿತು ಅವರ ಮಕ್ಕಳ ಹೆಸರನ್ನು ಬೆಲೆಗೆ ಕೇಳುವವನನ್ನು ದೂರುತ್ತೇನೆ.

ನೊರ್ಬೆರ್ತೊನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವನ ಕೈಯೂ ಒಳ್ಳೆಯ ಕೈ. ಅದೇ ತೆಯೊಫಿಲೊ ಹಿಂದೊಮ್ಮೆ, "ಈ ಮರಿಯನ್ನೂ ನೋಡ್ಬೇಕು" ಎಂದು ಅವನ ಬೆನ್ನು ತಟ್ಟಿದ್ದ. ಹೆಸರು ಹೋದ ಮೇಲೆ ಅವನನ್ನು ನೋಡುವವರು ಯಾರು? ಇಬ್ಬರು ನೊರ್ಬೆರ್ತೊರನ್ನು ಯಾವ ತಂಡದವರು ಕೊಳ್ಳುತ್ತಾರೆ? ಹದಿನಾರರ ಹುಡುಗ ಅಣ್ಣನ ಚೀಲವನ್ನು ಬಸ್ಸಿನವರೆಗೆ ಹೊತ್ತು ತಂದ. ಮರುವಾರ ಕಬ್ಬು ಕಡಿಯುವ ಗುಂಪಿಗೆ ಸೇರಿದ.

ಎಲಾದಿಯೊ ಆಚೆ ಹೋದ. ಮೊದಲ ಕೆಲವು ವರ್ಷ ಚಿಕ್ಕ ಊರುಗಳ ತಂಡ. ದಿನವೆಲ್ಲ ಬಸ್ಸು, ಚಳಿಗೆ ಬೆರಳು ಒಡೆಯುವುದು, ನಾಲಿಗೆಗೆ ಬಾರದ ಭಾಷೆ. ಊಟದ ಮನೆಗೆ ಹೋಗಿ ಬೇರೆಯವರ ತಟ್ಟೆಯ ಕಡೆಗೆ ಬೆರಳು ತೋರಿಸಿ ತಿನ್ನುತ್ತಿದ್ದನಂತೆ. ಆಮೇಲೆ ದೊಡ್ಡ ತಂಡದವರು ಕರೆದರು. ನಾಲ್ಕು ಬೇಸಿಗೆ ಅವನು ಆ ದೊಡ್ಡ ಮೈದಾನಗಳ ಎಸೆತದ ದಿಬ್ಬದ ಮೇಲೆ ನಿಂತ. ಕಾಂದಿದಾ ಅಂಗಡಿಗೆ ಟೀವಿ ತರಿಸಿದಳು. ಕೇರಿಯೆಲ್ಲ ಅಲ್ಲಿ ಸೇರಿ "ನೊರ್ಬೆರ್ತೊ, ನೊರ್ಬೆರ್ತೊ" ಎಂದು ಕೂಗುವುದು. ನಿಜವಾದ ನೊರ್ಬೆರ್ತೊ ಮೂಲೆಯಲ್ಲಿ ಕಬ್ಬಿನ ಮಸಿ ಮೆತ್ತಿದ ಅಂಗಿಯಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವುದು. ಚೆಂಡು ಅಣ್ಣನ ಕೈ ಬಿಡುವ ಮೊದಲೇ, "ಈಗ ಇಳಿಯುತ್ತೆ ನೋಡಿ" ಎನ್ನುವನು. ಇಳಿಯುತ್ತಿತ್ತು.

ಕೇಳಿದವರಿಗೆ ಇದು ಸುಖದ ಕಥೆ ಎನಿಸಬಹುದು. ಆ ಸುಖದ ಬೆಲೆಯನ್ನು ಯಾರು ತೆತ್ತರು ಎಂದು ಹೇಳುತ್ತೇನೆ.

ಎಲಾದಿಯೊ ಹೆಸರು ಮಾಡುತ್ತಿದ್ದಂತೆ ಹುಡುಗರ ವಯಸ್ಸನ್ನು ವಿಚಾರಿಸಲು ಆಚೆಯಿಂದ ಜನ ಬರತೊಡಗಿದರು. ಇವನಿಗೆ ಅಣ್ಣನಿದ್ದನಲ್ಲ, ಆ ಎಲಾದಿಯೊ ಎಲ್ಲಿ ಎಂದು ಕೇಳಿದರು. ತೆಯೊಫಿಲೊ ಒಂದು ಕಥೆ ಕಟ್ಟಿದ. ಎಲಾದಿಯೊ ಕಳ್ಳದೋಣಿಯಲ್ಲಿ ಪೋರ್ತೊ ರಿಕೊಗೆ ಹೊರಟು ಸಮುದ್ರದ ಪಾಲಾದ ಎಂದು ಎರ್ಸಿಲಿಯಾಳಿಂದ ಕಚೇರಿಯಲ್ಲಿ ಹೇಳಿಕೆ ಕೊಡಿಸಿದ. ಜನ ನಂಬಲೆಂದು ಒಂಬತ್ತು ದಿನದ ಜಪವನ್ನೂ ಇಡಿಸಲು ನಿಂತ. ಈ ಕೇರಿಯಲ್ಲಿ ಸತ್ತವರಿಗೆ ಜಪ ಹೇಳುವವಳು ನಾನು. ನನ್ನ ಬಾಗಿಲಿಗೆ ಬಂದ.

"ಬದುಕಿರೋನಿಗೆ ನಿತ್ಯ ವಿಶ್ರಾಂತಿ ಕೇಳು ಅಂತೀಯಾ?" ಎಂದೆ.

"ಬರೀ ಬಾಯಿಮಾತು ದೋನ್ಯಾ. ದೇವರಿಗೆ ಎಲ್ಲ ಗೊತ್ತಲ್ಲ, ಅವನು ತಪ್ಪು ತಿಳ್ಕೊಳ್ಳಲ್ಲ."

"ಗೊತ್ತಿರೋನ ಮುಂದೆ ಸುಳ್ಳು ಹೇಳೋಕೆ ನಿನಗೆ ನಾಚಿಕೆ ಆಗಲ್ವ?"

ನಾನು ಹೋಗಲಿಲ್ಲ. ಅವನು ಪಕ್ಕದ ಗಿರಣಿಯಿಂದ ಬೇರೊಬ್ಬ ಜಪದವಳನ್ನು ಕರೆತಂದ. ಮೂರು ಮೆಟ್ಟಿಲ ಪೀಠ ಕಟ್ಟಿ, ಬಿಳಿ ಬಟ್ಟೆ ಹಾಸಿ, ಎಲಾದಿಯೊನ ಶಾಲೆಯ ಪಟ ಇಟ್ಟು, ಬದುಕಿದ್ದವನಿಗೆ ತಿಥಿ ಮುಗಿಸಿದರು. ಎರ್ಸಿಲಿಯಾ ಅಳಬೇಕಿತ್ತು, ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ಹೀಗೆ ಒಬ್ಬನ ಹೆಸರು ಸಮುದ್ರದಲ್ಲಿ ಮುಳುಗಿತು, ಇನ್ನೊಬ್ಬನದು ಆಚೆ ಹೋಯಿತು. ನೊರ್ಬೆರ್ತೊಗೆ ಉಳಿದದ್ದೇನು? ಅವನಿಗೆ ಗುರುತಿನ ಚೀಟಿ ಇಲ್ಲ. ಮದುವೆಯನ್ನು ಗುರುಗಳು ಮಾಡಿಸಿದರು, ಕಚೇರಿಯಲ್ಲಿ ಬರೆಸಲಾಗಲಿಲ್ಲ. ಅವನ ಮಕ್ಕಳಿಗೆ ತಂದೆಯ ಹೆಸರಿಲ್ಲ; ಶಾಲೆಯಲ್ಲಿ ಅವರನ್ನು ತಂದೆಯಿಲ್ಲದವರು ಎಂದು ಕರೆದರು. ತಂದೆ ದಿನಾ ಅವರನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದ. ಒಮ್ಮೆ ಸಿಪಾಯಿಗಳು ಕಬ್ಬಿನ ಗದ್ದೆಗೆ ನುಗ್ಗಿ, ಚೀಟಿಯಿಲ್ಲದ ಕರಿಯನೆಂದು, ಗಡಿಯಾಚೆಯ ಹೈತಿಯಿಂದ ಕದ್ದು ಬಂದವನಿರಬೇಕೆಂದು ಇವನನ್ನೂ ಟ್ರಕ್ಕಿಗೆ ಹತ್ತಿಸಿದರು. ಟ್ರಕ್ಕಿನ ರೇಡಿಯೊದಲ್ಲಿ ಆಟ ನಡೆಯುತ್ತಿತ್ತು. ಎಸೆಯುತ್ತಿದ್ದವನು ಇವನ ಅಣ್ಣ.

"ಸಾಹೇಬ್ರೇ, ನಾನು ಇಲ್ಲಿಯವನೇ. ನನ್ನ ಹೆಸರು ನೊರ್ಬೆರ್ತೊ ಕೊರ್ಸಿನೊ" ಎಂದನಂತೆ.

"ನೀನು ಕೊರ್ಸಿನೊ ಆದ್ರೆ ನಾನು ಪೋಪು. ಮುಚ್ಕೊಂಡು ಕೂತ್ಕೊ, ಆಟ ಕೇಳೋಕೆ ಬಿಡು" ಎಂದು ಒಬ್ಬ ಬಂದೂಕಿನ ಹಿಡಿಯಿಂದ ತಿವಿದ.

ಗಡಿಯವರೆಗೆ ಒಯ್ದು ಇಳಿಸಿದರು. ನಡೆದು, ಯಾರ್‍ಯಾರದೋ ಬಂಡಿ ಹತ್ತಿ, ಅವನು ಮನೆಗೆ ಬರುವ ಹೊತ್ತಿಗೆ ಕಾಲು ಬಾತಿತ್ತು. ನಾನು ಉಪ್ಪುನೀರು ಕಾಯಿಸಿ ಹಾಕಿದೆ. ಆಗಲೂ ಅವನು, "ಅಣ್ಣ ಗೆದ್ದನಾ ದೊಡ್ಡಮ್ಮ? ಟ್ರಕ್ಕಿನಲ್ಲಿ ಪೂರ್ತಿ ಕೇಳೋಕಾಗ್ಲಿಲ್ಲ" ಎಂದು ಕೇಳಿದ. ನನ್ನ ಸಿಟ್ಟು ಅಂದಿನದು. ಈ ಮುದಿ ವಯಸ್ಸಿನಲ್ಲೂ ಆರಿಲ್ಲ. ಆರಬಾರದ ಸಿಟ್ಟೂ ಕೆಲವಿರುತ್ತವೆ ಎಂದು ನನ್ನ ಗುರುಗಳಿಗೆ ಹೇಳಿದ್ದೇನೆ, ಅವರೂ ಇಲ್ಲವೆನ್ನಲಿಲ್ಲ.

ಎಲಾದಿಯೊ ಸುಖವಾಗಿದ್ದನೆ? ತಾಯಿಗೆ ಸಿಮೆಂಟಿನ ಮನೆ ಕಟ್ಟಿಸಿದ, ನಿಜ. ಆದರೆ ಪ್ರತಿ ಭಾನುವಾರ ನನಗೆ ಫೋನು ಮಾಡುತ್ತಿದ್ದ. ನಮ್ಮಲ್ಲಿ ದೊಡ್ಡವರೊಡನೆ ಮಾತಿಗೆ ಮೊದಲು ಆಶೀರ್ವಾದ ಕೇಳುವುದು ಪದ್ಧತಿ. ಜ್ಞಾನತಾಯಿಯಾದ ನನ್ನನ್ನು ಅವನು ಮದ್ರಿನಾ ಎನ್ನುತ್ತಿದ್ದ.

"ಆಶೀರ್ವಾದ ಮಾಡು ಮದ್ರಿನಾ."

"ದೇವರು ನಿನ್ನನ್ನು ಹರಸಲಿ ಮಗನೇ."

"ಹಂಗಲ್ಲ. ಹೆಸರು ಹೇಳಿ ಮಾಡು."

"ದೇವರು ನಿನ್ನನ್ನು ಹರಸಲಿ ಎಲಾದಿಯೊ."

ಆಗ ಆ ಕಡೆಯಿಂದ ಒಂದು ಉಸಿರು ಕೇಳಿಸುತ್ತಿತ್ತು. ಭಾರ ಇಳಿಸಿದವನ ಉಸಿರು. ಅವನ ಹೆಂಡತಿಗೂ ಆ ಹೆಸರು ಗೊತ್ತಿರಲಿಲ್ಲ. ಮೈದಾನದ ತುಂಬ ಜನ ಕೂಗುವಾಗ ಅದು ತನ್ನನ್ನಲ್ಲ ಎನ್ನಿಸುತ್ತದೆ, ತಮ್ಮ ಎಲ್ಲೋ ಹಿಂದೆ ನಿಂತಿದ್ದಾನೆ ಎನ್ನಿಸುತ್ತದೆ ಎಂದು ಒಮ್ಮೆ ಹೇಳಿದ.

ವಯಸ್ಸಿನ ಸುಳ್ಳು ಕಚೇರಿಯಲ್ಲಿ ನಡೆಯಿತು, ಮೈಯಲ್ಲಿ ನಡೆಯಲಿಲ್ಲ. ಎಳೆಯ ಕೈ ಎಂದು ತಿಳಿದು ತಂಡದವರು ಅವನಿಂದ ಎಸೆಸಿದರು, ಎಸೆಸಿದರು. ಕೈಗೆ ತನ್ನ ವಯಸ್ಸು ಗೊತ್ತಿತ್ತು. ಮೊಣಕೈಯ ನರ ಕಿತ್ತುಹೋಯಿತು. ಮಣಿಕಟ್ಟಿನ ನರವನ್ನು ತೆಗೆದು ಅಲ್ಲಿಗೆ ಕಟ್ಟಿದರು. ಮತ್ತೆ ದಿಬ್ಬ ಹತ್ತಿದಾಗ ಚೆಂಡು ಇಳಿಯಲಿಲ್ಲ. ನೇರವಾಗಿ ಹೋಗಿ ಹೊಡೆಸಿಕೊಂಡಿತು. ಇನ್ನು ಬರುವುದು ಬೇಡ ಎಂದು ಫೋನಿನಲ್ಲೇ ಹೇಳಿ ಮುಗಿಸಿದರು. ಆಮೇಲೆ ಚಳಿಗಾಲದಲ್ಲಿ ಇಲ್ಲಿಯ ತಂಡ, ಬೇಸಿಗೆಯಲ್ಲಿ ಮೆಕ್ಸಿಕೊ. ವರ್ಷ ಕಳೆದಂತೆ ಊರು ಚಿಕ್ಕದಾಯಿತು, ಬಸ್ಸು ಹಳೆಯದಾಯಿತು. ಹುಡುಗನಾಗಿದ್ದಾಗ ತೆಯೊಫಿಲೊ ಅವನ ತೋಳು ದಪ್ಪವಾಗಲೆಂದು ಕುದುರೆಗೆ ಹಾಕುವ ಔಷಧಿಯ ಸೂಜಿ ಚುಚ್ಚುತ್ತಿದ್ದ. ನಾನು ವೈದ್ಯಳಲ್ಲ. ಬಸ್ಸಿನಲ್ಲಿ ನಿಂತ ಆ ಹೃದಯಕ್ಕೆ ಏನಾಗಿತ್ತೋ ದೇವರಿಗೇ ಗೊತ್ತು. ತೆಯೊಫಿಲೊಗೂ ಸ್ವಲ್ಪ ಗೊತ್ತಿರಬೇಕು.

"ಆಟ ಬಿಟ್ಟ ದಿನ ಕಚೇರಿಗೆ ಹೋಗಿ ಎಲ್ಲ ಹೇಳ್ತೀನಿ ಮದ್ರಿನಾ. ತಮ್ಮನ ಹೆಸರು ತಮ್ಮನಿಗೆ ಕೊಡ್ತೀನಿ" ಎನ್ನುತ್ತಿದ್ದ. ನೊರ್ಬೆರ್ತೊ ಆ ದಿನಕ್ಕೆ ಕಾದ. ಅದು ಬರುವ ಮೊದಲೇ ಆ ಶುಕ್ರವಾರ ಬಂತು.

ದೇಹವನ್ನು ವಿಮಾನದಲ್ಲಿ ತಂದರು. ಹೆಂಡತಿ ಕೊಲಂಬಿಯಾದವಳು. ಅವಳೂ ಜೊತೆಗೆ ಬಂದಳು. ಮಣ್ಣು ಮುಗಿದ ಮರುದಿನ ಕೈಗೂಸಿನೊಡನೆ ತವರಿಗೆ ಹೊರಟುಹೋದಳು. ಎಲ್ಲ ಏರ್ಪಾಟು ತೆಯೊಫಿಲೊನದು. ಅವನೀಗ ದೊಡ್ಡ ಮನುಷ್ಯ. ಊರ ಹೊರಗೆ ಅವನದೇ ತರಬೇತಿ ಮೈದಾನವಿದೆ. ಕಬ್ಬಿಣದ ಗೇಟಿನ ಮೇಲೆ ನೊರ್ಬೆರ್ತೊ ಕೊರ್ಸಿನೊ ಎಂದು ಬಣ್ಣದ ಅಕ್ಷರ. ಪೆಟ್ಟಿಗೆಯ ಮೇಲೆ ತಂಡದ ಅಂಗಿ ಹೊದಿಸಿದರು, ಅದರ ಬೆನ್ನಿಗೂ ಅದೇ ಹೆಸರಿತ್ತು. ಸಮಾಧಿಯ ಶಿಲುಬೆಯ ಮೇಲೆಯೂ ಅದನ್ನೇ ಬರೆಸಿದ್ದ. ನೊರ್ಬೆರ್ತೊ ಪೆಟ್ಟಿಗೆಯ ಮುಂದಿನ ಕೊನೆಗೆ ಹೆಗಲು ಕೊಟ್ಟು ಸ್ಮಶಾನದವರೆಗೆ ಹೊತ್ತ. ಇಳಿಸಿದ ಮೇಲೆ ಆ ಶಿಲುಬೆಯನ್ನು ನೋಡುತ್ತ ನಿಂತ. ಮನೆಗೆ ಬಂದು ನನ್ನ ಪಕ್ಕ ಕುಳಿತು, "ನನ್ನ ಗುಂಡಿಗೆ ನಾನೇ ಮಣ್ಣು ಹಾಕಿ ಬಂದೆ ದೊಡ್ಡಮ್ಮ" ಎಂದ.

ಒಂಬತ್ತು ದಿನದ ಜಪ ಶುರುವಾಯಿತು. ಎರ್ಸಿಲಿಯಾಳ ಮನೆಯಲ್ಲಿ ಪೀಠ ಕಟ್ಟಿದೆವು. ಪಟ, ಹೂವು, ಮೇಣದಬತ್ತಿ, ಆತ್ಮ ಬಾಯಾರಿದರೆ ಕುಡಿಯಲೆಂದು ಒಂದು ಲೋಟ ನೀರು. ದಿನಾ ಮಧ್ಯಾಹ್ನ ನಾನು ಜಪಸರ ಹಿಡಿದು ಕುಳಿತೆ. ಹೆಸರು ಬರುವ ಜಾಗದಲ್ಲಿ, "ನಿನ್ನ ಸೇವಕ ಎಲಾದಿಯೊ" ಎಂದೆ. ಬಂದವರು ನಮ್ಮ ಕೇರಿಯವರು. ಯಾರೂ ತಲೆಯೆತ್ತಲಿಲ್ಲ. ಎಲ್ಲರಿಗೂ ಗೊತ್ತಿದ್ದ ಹೆಸರು ಅಷ್ಟು ವರ್ಷದ ಮೇಲೆ ಆ ಮನೆಯಲ್ಲಿ ಮೊದಲ ಸಲ ಗಟ್ಟಿಯಾಗಿ ಕೇಳಿಸಿತು.

ಒಂಬತ್ತನೆಯ ದಿನದ ಹಿಂದಿನ ಸಂಜೆ ತೆಯೊಫಿಲೊ ಬಂದ. ಕೈಯಲ್ಲಿ ಮೇಣದಬತ್ತಿಯ ಕಟ್ಟು.

"ದೋನ್ಯಾ ಹಸಿಂತಾ, ನಾಳೆ ಟೀವಿಯವರು ಬರ್ತಾರೆ, ಸರ್ಕಾರದಿಂದ ಒಬ್ಬರು ದೊಡ್ಡವರು ಬರ್ತಾರೆ. ನಾಳೆ ಒಂದು ದಿನ ಹೆಸರು ಸರಿಯಾಗಿ ಹೇಳಿ."

"ಸರಿಯಾಗೇ ಹೇಳ್ತಾ ಇದ್ದೀನಿ."

"ಊರಿಗೆಲ್ಲ ಗೊತ್ತಿರೋ ಹೆಸರು ಹೇಳಿ. ಅಲ್ಲಿ ಮೂವತ್ತು ಮಕ್ಕಳು ಆಡ್ತಾ ಇದಾವೆ. ಇದು ಹೊರಗೆ ಬಿದ್ದರೆ ಆಚೆಯವರು ನನ್ನ ಗೇಟಿಗೆ ಕಾಲಿಡಲ್ಲ. ಆ ಮಕ್ಕಳ ಅನ್ನಕ್ಕೆ ಕಲ್ಲು ಹಾಕ್ತೀರಾ?"

"ಆ ಮೂವತ್ತರಲ್ಲಿ ಎಷ್ಟು ಮಕ್ಕಳಿಗೆ ಅವರದೇ ಹೆಸರಿದೆ, ಅದನ್ನ ಮೊದಲು ಹೇಳು."

ಅವನು ನನ್ನನ್ನು ಬಿಟ್ಟು ಎರ್ಸಿಲಿಯಾಳ ಕಡೆಗೆ ತಿರುಗಿದ. ದನಿ ಮೆತ್ತಗಾಯಿತು. "ನೋಡಮ್ಮ, ಮಗ ಸಮುದ್ರದಲ್ಲಿ ಹೋದ ಅಂತ ಕಚೇರಿಯಲ್ಲಿ ಹೇಳಿದೋಳು ನೀನು. ನಾನಲ್ಲ. ಸುಳ್ಳು ಹೇಳಿಕೆ ಅಂದ್ರೆ ಜೈಲು. ಈ ವಯಸ್ಸಲ್ಲಿ ನಿನ್ನನ್ನ ಅಲ್ಲಿ ನೋಡೋಕೆ ನನಗೆ ಇಷ್ಟ ಇಲ್ಲ."

ಅವಳಿಂದ ಆ ಸುಳ್ಳನ್ನು ಹೇಳಿಸಿದವನ ಬಾಯಿಂದ ಈ ಮಾತು ಬಂತು. ಎರ್ಸಿಲಿಯಾ ಸೆರಗಿನಂತೆ ಹೊದ್ದಿದ್ದ ಕರಿಯ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ಕೊಮಾದ್ರೆ, ನಾಳೆ ನೀನು ಬರೀ ಕೂತಿರು. ಜಪಕ್ಕೆ ಅವನು ಬೇರೆ ಯಾರನ್ನಾದ್ರೂ ಕರೀಲಿ" ಎಂದಳು. ಬಾಗಿಲ ಬಳಿ ನಿಂತಿದ್ದ ನೊರ್ಬೆರ್ತೊ ಅದನ್ನು ಕೇಳಿ ಹೊರಗೆ ಹೋದ.

ಕಡೆಯ ದಿನದ ಜಪಕ್ಕೆ ಬೇರೆಯೇ ಒಂದು ತೂಕವಿದೆ. ಅಂದು ಪೀಠವನ್ನು ಬಿಚ್ಚುತ್ತೇವೆ. ಸತ್ತವನನ್ನು ಹೆಸರು ಹಿಡಿದು ಕರೆದು, ಇನ್ನು ಹೋಗು, ಶಾಂತಿಯಿಂದ ಹೋಗು ಎಂದು ಕಳಿಸುತ್ತೇವೆ. ಬತ್ತಿಗಳನ್ನು ಒಂದೊಂದಾಗಿ ಆರಿಸುತ್ತೇವೆ. ಕಡೆಯದನ್ನು ಹತ್ತಿರದ ರಕ್ತಸಂಬಂಧಿ ಆರಿಸಬೇಕು. ಲೋಟದ ನೀರನ್ನು ಬಾಗಿಲಾಚೆ ಚೆಲ್ಲುತ್ತೇವೆ. ಹೆಸರು ತಪ್ಪಿದರೆ ಹೋಗಬೇಕಾದವನು ಹೊಸ್ತಿಲಲ್ಲೇ ನಿಲ್ಲುತ್ತಾನೆ, ಹೋಗಬಾರದವನನ್ನು ಕಳಿಸಿದಂತಾಗುತ್ತದೆ.

ಮಧ್ಯಾಹ್ನ ಮೂರಕ್ಕೆ ಅಂಗಳ ತುಂಬಿತು. ಹಿಂದಿನ ಒಲೆಯಲ್ಲಿ ಮೇಕೆಯ ಸಾರು ಕುದಿಯುತ್ತಿತ್ತು, ಹೆಂಗಸರು ಶುಂಠಿ ಚಹಾ ಹಂಚುತ್ತಿದ್ದರು. ಟೀವಿಯವರು ಕ್ಯಾಮೆರಾ ನಿಲ್ಲಿಸಿದರು. ಸರ್ಕಾರದ ದೊಡ್ಡವರು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತು ಗಡಿಯಾರ ನೋಡಿಕೊಂಡರು. ಪಕ್ಕದ ಗಿರಣಿಯ ಅದೇ ಜಪದವಳು ಬಂದಳು. ಅಂದು ಬದುಕಿದ್ದವನಿಗೆ ಜಪ ಹೇಳಿದವಳು. ಅವಳಿಗೂ ವಯಸ್ಸಾಗಿತ್ತು. ನನ್ನ ಕಣ್ಣು ನೋಡಲಿಲ್ಲ.

ಜಪ ನಡೆಯಿತು. ಕಡೆಗೆ ಅವಳು ದನಿಯೆತ್ತಿ, "ಸ್ವಾಮಿ, ನಿನ್ನ ಸೇವಕ ನೊರ್ಬೆರ್ತೊಗೆ ನಿತ್ಯ ವಿಶ್ರಾಂತಿಯನ್ನು ಕೊಡು" ಎಂದಳು.

ನೆರೆದವರು, ನಿತ್ಯದ ಬೆಳಕು ಅವನ ಮೇಲೆ ಬೆಳಗಲಿ ಎಂದು ಉತ್ತರ ಕೊಡಬೇಕು. ಮುಂದಿನ ಸಾಲಿನ ದೊಡ್ಡವರು ಕೊಟ್ಟರು, ತೆಯೊಫಿಲೊ ಕೊಟ್ಟ. ನಮ್ಮ ಕೇರಿಯವರ ಬಾಯಿ ಏಳಲಿಲ್ಲ. ಆ ಹೆಸರಿನವನು ಅವರ ನಡುವೆಯೇ ನಿಂತಿದ್ದ, ಒಗೆದ ಬಿಳಿ ಅಂಗಿ ತೊಟ್ಟು.

ಬತ್ತಿಗಳು ಆರಿದವು. ಒಂದು ಉಳಿಯಿತು. ತೆಯೊಫಿಲೊ ನೊರ್ಬೆರ್ತೊಗೆ ಕಣ್ಸನ್ನೆ ಮಾಡಿ, "ಹೋಗಪ್ಪ, ನೀನೇ ತಾನೆ ಹತ್ತಿರದವನು" ಎಂದ. ಟೀವಿಯವರಿಗೆ, "ಇವನು ಸತ್ತವನ ದೂರದ ತಮ್ಮ, ಗದ್ದೆ ಕೆಲಸದವನು" ಎಂದು ಪಿಸುಗುಟ್ಟಿದ. ಅದು ನನಗೆ ಕೇಳಿಸಿತು. ನೊರ್ಬೆರ್ತೊಗೂ ಕೇಳಿಸಿತು.

ಅವನು ಹೋಗಿ ಬತ್ತಿಯನ್ನು ಕೈಗೆತ್ತಿಕೊಂಡ. ಊದಲಿಲ್ಲ.

"ಇದು ನೊರ್ಬೆರ್ತೊಗೆ ಹಚ್ಚಿದ ದೀಪ ಅಂದ್ರಿ. ನಾನು ಇನ್ನೂ ಇದ್ದೀನಿ. ನಾನ್ಯಾಕೆ ಆರಿಸ್ಲಿ?" ಎಂದ. ದನಿ ಎತ್ತಿರಲಿಲ್ಲ.

"ದುಃಖದಲ್ಲಿ ಏನೇನೋ ಮಾತಾಡ್ತಾನೆ. ಕ್ಯಾಮೆರಾ ಸ್ವಲ್ಪ ನಿಲ್ಸಿ" ಎಂದು ತೆಯೊಫಿಲೊ ಎದ್ದ.

"ಕೂತ್ಕೊಳ್ಳಯ್ಯ" ಎಂದವನು ಚಾಗೊ. ಆ ಬಾಯಿ ಒಮ್ಮೆಯಾದರೂ ಒಳ್ಳೆಯ ಕೆಲಸಕ್ಕೆ ಬಂತು. "ಇಪ್ಪತ್ತು ವರ್ಷ ನೀನೇ ಮಾತಾಡಿದ್ದೀಯ. ಹೆಸರು ಕಳ್ಕೊಂಡೋನು ಎರಡು ಮಾತಾಡ್ಲಿ."

ನೊರ್ಬೆರ್ತೊ ಬತ್ತಿಯನ್ನು ತಾಯಿಯ ಮುಂದೆ ಹಿಡಿದ. ಮೇಣ ಕರಗಿ ಅವನ ಬೆರಳ ಮೇಲೆ ಇಳಿಯುತ್ತಿತ್ತು. "ಅವ್ವಾ, ನೀನೇ ಹೇಳು. ಯಾರಿಗೆ ಅಂತ ಆರಿಸ್ಲಿ?"

ಎರ್ಸಿಲಿಯಾ ಅವನ ಮುಖ ನೋಡಿದಳು. ಆಮೇಲೆ ಪಟವನ್ನು ನೋಡಿದಳು. ತೆಯೊಫಿಲೊ, "ಯೋಚನೆ ಮಾಡಿ ಹೇಳಮ್ಮ" ಎಂದ. ಆ ಮಾತು ಅವನಿಗೇ ಮುಳುವಾಯಿತೆಂದು ತೋರುತ್ತದೆ. ಅವಳು ಗೋಡೆ ಹಿಡಿದು ಎದ್ದು ನಿಂತಳು.

"ನಾನು ಇಬ್ಬರನ್ನ ಹೆತ್ತೆ. ದೊಡ್ಡವನಿಗೆ ಎರಡು ಸಲ ಅತ್ತೆ. ಒಂದು ಸಲ ನೀನು ಅಳು ಅಂದೆ ಅಂತ ಅತ್ತೆ ತೆಯೊಫಿಲೊ. ಚಿಕ್ಕವನಿಗೆ ಅವನು ಬದುಕಿರೋವಾಗ ನಾನು ಅಳಲ್ಲ. ಜೈಲಿಗೆ ಕಳಿಸ್ತೀಯಾ, ಕಳಿಸು. ಅಲ್ಲೂ ಜಪ ಮಾಡ್ಬಹುದು." ಮಗನ ಮಣಿಕಟ್ಟು ಹಿಡಿದಳು. "ಎಲಾದಿಯೊಗೆ ಆರಿಸಪ್ಪ. ನಿನ್ನ ಅಣ್ಣಂಗೆ."

ಆಮೇಲೆ ನನ್ನ ಕಡೆ ತಿರುಗಿ, "ಕೊಮಾದ್ರೆ, ಮುಂದೆ ಬಾ. ಅವನ ಹೆಸರು ಮೊದಲು ಹೇಳಿದೋಳು ನೀನು" ಎಂದಳು.

ಪಕ್ಕದ ಗಿರಣಿಯವಳು ತಾನೇ ಎದ್ದು ಪೀಠದ ಮುಂದಿನ ಮಣೆಯನ್ನು ನನಗೆ ಬಿಟ್ಟಳು. ನನ್ನ ಹಿಂದೆ ಮೊಣಕಾಲೂರಿದಳು. ಸರ್ಕಾರದ ದೊಡ್ಡವರು ಯಾವಾಗ ಎದ್ದು ಹೋದರೋ ತಿಳಿಯದು, ಕುರ್ಚಿ ಖಾಲಿಯಿತ್ತು. ನಾನು ಹೆಸರು ಹೇಳಿದೆ. ಈ ಸಲ ಕೇರಿಯೆಲ್ಲ ಉತ್ತರ ಕೊಟ್ಟಿತು. ನೊರ್ಬೆರ್ತೊ ಬತ್ತಿಯನ್ನು ಊದಿದ. ಅವನ ಮಗಳು ನೀರನ್ನು ಬಾಗಿಲಾಚೆ ಚೆಲ್ಲಿದಳು.

ಶಿಲುಬೆಯ ಮೇಲಿನ ಅಕ್ಷರವನ್ನು ಚಾಗೊ ಮರುದಿನವೇ ಕೆರೆದು ಹೊಸದಾಗಿ ಬರೆದ. ಕೂಲಿ ಬೇಡವೆಂದ. ತೆಯೊಫಿಲೊನ ಗೇಟಿನ ಮೇಲಿನ ಅಕ್ಷರ ಇನ್ನೂ ಇದೆ. ಎರ್ಸಿಲಿಯಾಳನ್ನು ಯಾರೂ ಜೈಲಿಗೆ ಒಯ್ಯಲಿಲ್ಲ. ಹೆದರಿಸಿದವನೂ ಮತ್ತೆ ಈ ಕಡೆ ಬರಲಿಲ್ಲ. ಕಚೇರಿಯವರು ಮಾತ್ರ ನೊರ್ಬೆರ್ತೊನನ್ನು ಇನ್ನೂ ಓಡಾಡಿಸುತ್ತಿದ್ದಾರೆ. ಅವರ ಲೆಕ್ಕದಲ್ಲಿ ಅವನು ಸತ್ತಿದ್ದಾನೆ. ಸತ್ತವನ ಅರ್ಜಿ ತೆಗೆದುಕೊಳ್ಳುವಂತಿಲ್ಲ ಎಂದು ಒಬ್ಬ ಮುಖಕ್ಕೆ ಹೇಳಿದನಂತೆ. "ನಾಳೆ ಮತ್ತೆ ಹೋಗ್ತೀನಿ ದೊಡ್ಡಮ್ಮ" ಎನ್ನುತ್ತಾನೆ. ಹೋಗುತ್ತಾನೆ. ಅಂದಿನ ಜಪವನ್ನು ಟೀವಿಯಲ್ಲಿ ನೋಡಿದವರು ದಾರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ಮೊದಮೊದಲು ಅವನು ಹಿಂದೆ ತಿರುಗಿ ನೋಡುತ್ತಿದ್ದ, ಬೇರೆ ಯಾರನ್ನೋ ಕರೆದರೆಂದು.

ಭಾನುವಾರ ನನ್ನ ಫೋನು ಈಗ ಸುಮ್ಮನಿರುತ್ತದೆ. ಆ ಹೊತ್ತಿಗೆ ನಾನು ಜಪಸರ ಹಿಡಿದು ಕೂರುತ್ತೇನೆ.

ಸ್ವಾಮಿ, ನಾನು ಸಿಟ್ಟಿನವಳು, ನಿನಗೆ ಗೊತ್ತು. ಸಿಟ್ಟನ್ನು ಬಾಗಿಲಲ್ಲಿ ಬಿಟ್ಟು ಬಂದಿದ್ದೇನೆ, ಹೋಗುವಾಗ ಮತ್ತೆ ಎತ್ತಿಕೊಳ್ಳುತ್ತೇನೆ. ಈಗ ಅವನಿಗಾಗಿ ಮಾತ್ರ ಕೇಳುತ್ತೇನೆ. ನಿನ್ನ ನೀರಿನಲ್ಲಿ ತೊಳೆದು ನಿನ್ನ ಎಣ್ಣೆ ಹಚ್ಚಿಸಿಕೊಂಡ ಹೆಸರಿನಿಂದಲೇ ಅವನನ್ನು ಕರೆ. ಅವನ ಸಂತ ಅವನನ್ನು ಗುರುತು ಹಿಡಿದು ಕೈಹಿಡಿಯಲಿ. ದಣಿದ ಆ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವನು ಕೂರಲಿ. ಇನ್ನು ಏನನ್ನೂ ಎಸೆಯುವುದು ಬೇಡ. ನಿನ್ನ ಸೇವಕ ಎಲಾದಿಯೊಗೆ ನಿತ್ಯ ವಿಶ್ರಾಂತಿಯನ್ನು ಕೊಡು ಸ್ವಾಮಿ. ನಿತ್ಯದ ಬೆಳಕು ಅವನ ಮೇಲೆ ಬೆಳಗಲಿ. ಅವನ ಆತ್ಮ ಶಾಂತಿಯಲ್ಲಿರಲಿ. ಆಮೆನ್.